"ಆಂಟಿ, ಇನ್ನು ನೀವು ಆರಾಮ ಮಾಡಿ" ಅನ್ನುವವರ ಹತ್ತಿರ ಒಂದು ಮಾತು

ಬೆಟ್ಟದ ಮಲ್ಲಿಗೆ (ಸೋಮವಾರಪೇಟೆ ಕಡೆ)

ಎಲ್ಲರಿಗೂ ನಮಸ್ಕಾರ. ನನಗೆ ಈಗ 69 ವರ್ಷ. ನಮ್ಮೂರ ಚರ್ಚ್‌ನ ಸಕ್ರಿಸ್ತಿ (ಪೂಜೆಯ ಬಟ್ಟೆ, ಪಾತ್ರೆ ಇಡುವ ಕೋಣೆ) ಕೆಲಸ ನೋಡಿಕೊಳ್ಳಲು ಶುರು ಮಾಡಿ 31 ವರ್ಷ ಆಯಿತು. ಪೀಠದ ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ಹೂ ಇಡುವುದು, ಆಯಾ ದಿನದ ಬಣ್ಣ ನೋಡಿ ಫಾದರ್‌ಗೆ ಪೂಜಾವಸ್ತ್ರ ತೆಗೆದಿಡುವುದು, ಮೇಣದಬತ್ತಿ, ದ್ರಾಕ್ಷಾರಸ, ನೀರು. ಇದಕ್ಕೆ ಸಂಬಳ ಇಲ್ಲ, ನಾನು ಕೇಳಿಯೂ ಇಲ್ಲ. ಮೊದಲು ನಮ್ಮ ಅತ್ತೆ ಮಾಡುತ್ತಿದ್ದರು. ಅವರ ಕೈ ನಡುಗಲು ಶುರುವಾದಾಗ ಕೆಲಸ ನನ್ನ ಕೈಗೆ ಬಂತು.

ಕಳೆದ ಭಾನುವಾರದ ವಿಷಯ ಹೇಳುತ್ತೇನೆ. ನಮ್ಮ ಕಡೆ ಮಳೆ ಹೇಗಿದೆ ಅಂತ ಗೊತ್ತಲ್ಲ. ಶುಕ್ರವಾರ ಸಂಜೆ ಹೋದ ಕರೆಂಟ್ ಬಂದಿರಲಿಲ್ಲ. ಟವರ್‌ನ ಬ್ಯಾಟರಿಯೂ ಮುಗಿದು ಶನಿವಾರ ಮಧ್ಯಾಹ್ನದಿಂದ ನೆಟ್‌ವರ್ಕ್ ಇಲ್ಲ. ನಾನು ಎಂದಿನಂತೆ ಬೆಳಗ್ಗೆ ಆರೂವರೆಗೆ ಚರ್ಚ್ ಬಾಗಿಲಲ್ಲಿದ್ದೆ. ನೋಡಿದರೆ ಬೀಗ ಹೊಸದು. ನನ್ನ ಹತ್ತಿರ ಇರುವ ಕೀ ಹಳೆಯ ಬೀಗದ್ದು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಒಗೆದು ಮಡಚಿದ ಬಟ್ಟೆಗಳ ಚೀಲ. ನೆನೆಯಬಾರದು ಅಂತ ಎರಡು ಪ್ಲಾಸ್ಟಿಕ್ ಕವರ್ ಒಳಗೆ ಹಾಕಿಕೊಂಡು ಬಂದಿದ್ದೆ. ಕಾಲಿಗೆ ಹತ್ತಿದ್ದ ಜಿಗಣೆ ಕಿತ್ತು ಹಾಕಿ ಜಗಲಿಯಲ್ಲಿ ಕೂತೆ. ಎಂಟೂವರೆಗೆ ಒಬ್ಬರು ಬಂದರು. "ಅಯ್ಯೋ, ಪೂಜೆ ಒಂಬತ್ತೂವರೆಗೆ ಆಂಟಿ. ಗ್ರೂಪ್‌ನಲ್ಲಿ ಹಾಕಿದ್ವಲ್ಲ, ನೋಡಿಲ್ವಾ?" ಅಂದರು. ಆಮೇಲೆ ಪ್ರೀತಿಯಿಂದಲೇ, "ಈ ಮಳೆಯಲ್ಲಿ ಯಾಕೆ ಬರ್ತೀರಾ? ಇನ್ನು ಆರಾಮ ಮಾಡಿ" ಅಂದರು.

ಎರಡು ಗಂಟೆ ಕಾದದ್ದು ನನಗೆ ದೊಡ್ಡದಲ್ಲ. ಆ ಕೊನೆಯ ಮಾತು ಮನೆವರೆಗೂ ನನ್ನ ಜೊತೆ ಬಂತು.

ನಾನು ಆರಾಮ ಮಾಡಿದರೆ ಸೋಮವಾರ ಆ ಬಟ್ಟೆಗಳನ್ನು ಯಾರು ಒಗೆಯುತ್ತಾರೆ? ಇದು ಕೋಪದ ಮಾತಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ಪೂಜೆಯಲ್ಲಿ ಪಾತ್ರೆಯ ಕೆಳಗೆ ಹಾಸುವ ಚೌಕದ ಬಿಳಿ ಬಟ್ಟೆ ಇದೆಯಲ್ಲ, ಕಾರ್ಪೊರಲ್, ಅದನ್ನು ಸುಮ್ನೆ ಮಡಚುವ ಹಾಗಿಲ್ಲ. ಒಳಮುಖವಾಗಿ ಮೂರು ಮಡಿಕೆ, ಮತ್ತೆ ಅಡ್ಡಕ್ಕೆ ಮೂರು. ಬಿಚ್ಚಿದರೆ ಒಂಬತ್ತು ಚೌಕ ಕಾಣಬೇಕು. ಪರಮಪ್ರಸಾದದ (ನಮಗೆ ಯೇಸುವಿನ ದೇಹವೇ ಆದ ರೊಟ್ಟಿಯ) ಚೂರು ಉಳಿದಿದ್ದರೆ ಅದು ಬಟ್ಟೆಯೊಳಗೇ ಇರಬೇಕು, ನೆಲಕ್ಕೆ ಉದುರಬಾರದು, ಅದಕ್ಕೆ ಹಾಗೆ. ಮೊದಲ ಸಲ ಅದ್ದಿದ ನೀರನ್ನು ಮೋರಿಗೆ ಚೆಲ್ಲುವುದಿಲ್ಲ. ಗಿಡದ ಬುಡಕ್ಕೆ ಹಾಕುತ್ತೇವೆ. ನಮ್ಮ ಚರ್ಚ್ ಹಿಂದೆ ಇರುವ ಸಂಪಿಗೆ ಗಿಡಕ್ಕೆ ಅತ್ತೆ ಹಾಕುತ್ತಿದ್ದರು, ಈಗ ನಾನು. ನಮ್ಮಲ್ಲಿ ಇದು ಗೊತ್ತಿರುವವಳು ಈಗ ನಾನೊಬ್ಬಳೇ. ಕಲಿಸಿಕೊಡಿ ಅಂತ ಬಂದವರು ಯಾರೂ ಇಲ್ಲ.

ಜುಲೈ ನಾಲ್ಕನೇ ಭಾನುವಾರ ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನ. 2021ರಲ್ಲಿ ಪೋಪ್ ಫ್ರಾನ್ಸಿಸ್ ಶುರು ಮಾಡಿದ್ದು. ನಮಗೆಲ್ಲ ಶಾಲು ಹೊದಿಸುತ್ತಾರೆ, ಮುಂದಿನ ಬೆಂಚಲ್ಲಿ ಕೂರಿಸುತ್ತಾರೆ. ಅದಕ್ಕೆ ಸಂತೋಷ ಇದೆ. ಆದರೆ ಶಾಲಿಗಿಂತ ಜಾಸ್ತಿ ನನಗೆ ಬೇಕಾಗಿರುವುದು ಹೊಸ ಬೀಗದ ಒಂದು ಕೀ, ಮತ್ತೆ ಒಂದು ಜೊತೆ ಕೈ.

ನಿಮ್ಮ ಕಡೆ ಹೇಗೆ? ಹಿರಿಯರಿಗೆ ವಿಷಯ ಹೇಗೆ ಮುಟ್ಟಿಸುತ್ತೀರಿ? ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು (ವಿರಾಜಪೇಟೆ)

ಮಲ್ಲಿಗೆಯವರೇ, ನಿಮ್ಮ ಬರಹ ಎರಡು ಸಲ ಓದಿದೆ. ನನಗೂ 74. ಗಾಯನ ವೃಂದದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ. ಈಗ ಕೀಬೋರ್ಡ್ ಬಂದಿದೆ, ನಾನು ಹಾಡಿನ ಪುಸ್ತಕ ಹಂಚುತ್ತೇನೆ. ಮಳೆಗಾಲದಲ್ಲಿ ಆ ಪುಸ್ತಕಗಳಿಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದೇ ಒಂದು ಕೆಲಸ.

ಮೊದಲು ವಿಷಯ ಮುಟ್ಟಿಸಲು ಗುರ್ಕಾರರು ಇದ್ದರು. ಚರ್ಚ್‌ನ ಒಂದೊಂದು ವಾರ್ಡಿಗೆ (ಕೆಲವು ಮನೆಗಳ ಗುಂಪಿಗೆ) ಒಬ್ಬರು. ಪೂಜೆಯ ಹೊತ್ತು ಬದಲಾದರೆ, ಯಾರಾದರೂ ತೀರಿಕೊಂಡರೆ, ಅವರು ಟಾರ್ಚ್ ಹಿಡಿದು ಮನೆ ಮನೆಗೆ ಬರುತ್ತಿದ್ದರು. ನನ್ನ ತಂದೆ 12 ವರ್ಷ ಗುರ್ಕಾರರಾಗಿದ್ದರು. ಎಂತಹ ಮಳೆಯಲ್ಲೂ "ಹೇಳಿದ್ದೆ, ನೀವು ಕೇಳಿಲ್ಲ" ಅಂದವರಲ್ಲ. ಬಾಗಿಲು ತಟ್ಟಿ, ಮನೆಯವರು ಹೊರಗೆ ಬಂದು "ಆಯ್ತು" ಅಂದಮೇಲೆ ಮುಂದಿನ ಮನೆ. ಗುರ್ಕಾರರು ಈಗಲೂ ಇದ್ದಾರೆ. ಆದರೆ ಅವರೂ ಗ್ರೂಪ್‌ಗೆ ಹಾಕಿ ಸುಮ್ಮನಾಗುತ್ತಾರೆ.

ಇನ್ನೊಂದು ವಿಷಯ. ಚರ್ಚ್ ಕಾನೂನಿನಲ್ಲಿ ಉಪವಾಸದ ಕಡ್ಡಾಯ 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಅಂದರೆ ವಿಭೂತಿ ಬುಧವಾರ, ಶುಭ ಶುಕ್ರವಾರಗಳಲ್ಲಿ ನಮ್ಮಂಥವರಿಗೆ ವಿನಾಯಿತಿ ಇದೆ. ಸೇವೆಗೆ ಅಂತಹ ವಯಸ್ಸು ಯಾರೂ ಬರೆದಿಟ್ಟಿಲ್ಲ. ನಿಮಗೆ ಆಗುವಷ್ಟು ದಿನ ಮಾಡಿ.

ಕುಶಾಲನಗರದ ಹುಡುಗ

ಆಂಟಿ, ನಮಸ್ತೆ. ನನಗೆ 26. ನಮ್ಮ ಚರ್ಚ್‌ನ ವಾಟ್ಸಾಪ್ ಗ್ರೂಪ್ ನೋಡಿಕೊಳ್ಳುವವನು ನಾನೇ. ನಿಮ್ಮ ಚರ್ಚ್ ಅಲ್ಲ, ಆದರೂ ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಮೆಸೇಜ್ ಹಾಕಿದ ತಕ್ಷಣ ನನ್ನ ಕೆಲಸ ಮುಗಿಯಿತು ಅಂತಲೇ ನಾನೂ ಅಂದುಕೊಳ್ಳುತ್ತಿದ್ದೆ. ಕುಶಾಲನಗರದಲ್ಲಿ ಮಳೆ ಕಡಿಮೆ, ನೆಟ್‌ವರ್ಕ್ ಇರುತ್ತದೆ. ಹಾರಂಗಿ ದಾಟಿ ಮೇಲೆ ಹೋದರೆ ಏನು ಸ್ಥಿತಿ ಅಂತ ಯೋಚಿಸಿರಲಿಲ್ಲ.

ನಿನ್ನೆ ರಾತ್ರಿ ಕೂತು ನೋಡಿದೆ. ನಮ್ಮ ಗ್ರೂಪ್‌ನಲ್ಲಿ ಒಂದು ದಿನಕ್ಕೆ ಬಂದದ್ದು 83 ಮೆಸೇಜ್. ಶುಭೋದಯದ ಹೂಗಳು, ಹುಟ್ಟುಹಬ್ಬ, ಸಂತರ ಚಿತ್ರಗಳು. ಅದರ ನಡುವೆ "ನಾಳೆ ಪೂಜೆ 7ರ ಬದಲು 8ಕ್ಕೆ" ಅನ್ನುವುದು ಒಂದೇ ಸಾಲು. ನೆಟ್‌ವರ್ಕ್ ಇದ್ದವರಿಗೂ ಸಿಗುವುದು ಕಷ್ಟ. ಇವತ್ತೇ ಬೇರೆ ಗ್ರೂಪ್ ಮಾಡಿದೆ. ಪ್ರಕಟಣೆ ಮಾತ್ರ, ಬೇರೆ ಯಾರೂ ಏನೂ ಹಾಕುವ ಹಾಗಿಲ್ಲ.

ಅದೂ ಸಾಲದು ಅಂತ ಗೊತ್ತು. ಮೇಷ್ಟ್ರು ಹೇಳಿದ ಹಾಗೆ ಮನೆಗೆ ಹೋಗಿ ಹೇಳುವವರು ಬೇಕು. ನಮ್ಮಲ್ಲಿ ಒಂಟಿಯಾಗಿರುವ ಹಿರಿಯರ ಮನೆ ಎಷ್ಟಿವೆ ಅಂತ ಪಟ್ಟಿ ಮಾಡುತ್ತಿದ್ದೇನೆ. ಇಲ್ಲಿಯವರೆಗೆ 14 ಮನೆ. ಬೈಕ್ ಇರುವವರು ನಾವು ಐದು ಜನ ಇದ್ದೇವೆ. ಆಗದ ಕೆಲಸ ಏನಲ್ಲ.

ಐನ್‌ಮನೆ ದೀಪ (ನಾಪೋಕ್ಲು)

ನಾನು ಕೊಡವತಿ, ಚರ್ಚ್ ವಿಷಯ ಜಾಸ್ತಿ ಗೊತ್ತಿಲ್ಲ. ಆದರೆ ನಿಮ್ಮ ಕಷ್ಟ ಗೊತ್ತಾಯಿತು ಅಕ್ಕ. ನಮ್ಮ ಐನ್‌ಮನೆಯಲ್ಲಿ (ಮನೆತನದ ಮೂಲಮನೆ) ನೆಲ್ಲಕ್ಕಿ ನಡುಬಾಡೆಯ, ಅಂದರೆ ನಡುಮನೆಯ, ದೀಪ ಹಚ್ಚುವವಳು ನಾನು. ಪುತ್ತರಿ, ಕೈಲ್‌ಪೋಳ್ದ್ ಹಬ್ಬಗಳಿಗೆ ಒಕ್ಕದವರೆಲ್ಲ (ನಮ್ಮ ಮನೆತನದವರೆಲ್ಲ) ಬೆಂಗಳೂರಿಂದ, ಮೈಸೂರಿಂದ ಬರುತ್ತಾರೆ. "ನೀವಿದ್ದೀರಲ್ಲ, ಅದಕ್ಕೇ ದೀಪ ಉರೀತಿದೆ" ಅನ್ನುತ್ತಾರೆ. ಮಾರನೇ ದಿನ ಎಲ್ಲ ಕಾರು ಹೊರಟು ಹೋಗುತ್ತವೆ. ಎಣ್ಣೆ ಎಲ್ಲಿಡುತ್ತೀರಿ ಅಂತ ಕೇಳಿದವರಿಲ್ಲ.

ಈ ಮಳೆಯಲ್ಲಿ ಬಿಳಿ ಬಟ್ಟೆ ಹೇಗೆ ಒಣಗಿಸುತ್ತೀರಿ? ನಮ್ಮಲ್ಲಿ ಒಲೆ ಮೇಲಿನ ಹಗ್ಗಕ್ಕೆ ಹಾಕಿದರೆ ಹೊಗೆ ವಾಸನೆ ಹೋಗುವುದೇ ಇಲ್ಲ.

ಬೆಟ್ಟದ ಮಲ್ಲಿಗೆ

ಅಕ್ಕ, ನೀವು ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಖುಷಿ ಆಯಿತು. ಎಷ್ಟೋ ವರ್ಷದಿಂದ ಯಾರೂ ಕೇಳಿರಲಿಲ್ಲ.

ಒಲೆ ಮೇಲೆ ಹಾಕಬೇಡಿ. ಸೌದೆ ಹೊಗೆ ಬಿಳಿ ಬಟ್ಟೆಗೆ ಹಳದಿ ಹಿಡಿಸುತ್ತದೆ. ನಾನು ಹಳೆಯ ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಹಾಕಿ, ಹೊಗೆ ಪೂರ್ತಿ ಹೋಗಿ ಕೆಂಡ ಆಗುವವರೆಗೆ ಹೊರಗೆ ಇಡುತ್ತೇನೆ. ಆಮೇಲೆ ಒಳಗೆ ತಂದು ಅದರ ಮೇಲೆ ದೊಡ್ಡ ಬಿದಿರಿನ ಬುಟ್ಟಿ ಕವುಚುತ್ತೇನೆ. ಬುಟ್ಟಿ ಮೇಲೆ ಬಟ್ಟೆ. ಕಿಟಕಿ ತೆಗೆದೇ ಇರಬೇಕು, ಇದ್ದಿಲಿನ ಗಾಳಿ ಮುಚ್ಚಿದ ಕೋಣೆಯಲ್ಲಿ ಅಪಾಯ. ಬಟ್ಟೆ ಬಿಟ್ಟು ಏಳುವ ಹಾಗಿಲ್ಲ. ತಿರುವಿ ಹಾಕುತ್ತಲೇ ಇರಬೇಕು. ಪೂರ್ತಿ ಒಣಗಿಸಬೇಡಿ, ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ ಮಾಡಿದರೆ ಸುಕ್ಕು ನಿಲ್ಲುವುದಿಲ್ಲ. ಕರೆಂಟ್ ನಂಬುವ ಹಾಗಿಲ್ಲವಲ್ಲ, ನನ್ನ ಹತ್ತಿರ ಅತ್ತೆಯ ಕಾಲದ ಹಿತ್ತಾಳೆ ಇಸ್ತ್ರಿ ಪೆಟ್ಟಿಗೆ ಇದೆ. ಅದಕ್ಕೆ ತೆಂಗಿನ ಕರಟದ ಕೆಂಡ. ಮೊದಲು ಹಳೇ ಪಂಚೆ ಮೇಲೆ ಒಂದು ಸಲ ಎಳೆದು ನೋಡುತ್ತೇನೆ, ಮಸಿ ಇದ್ದರೆ ಅಲ್ಲೇ ಬಿಡುತ್ತದೆ.

ಮೇಣ ಬಿದ್ದಿದ್ದರೆ ತಣ್ಣಗಾದ ಮೇಲೆ ಉಗುರಲ್ಲಿ ಕೆರೆದು, ಮೇಲೂ ಕೆಳಗೂ ಬಿಳಿ ಕಾಗದ ಇಟ್ಟು ಇಸ್ತ್ರಿ ಒತ್ತಿ. ಮೇಣ ಕಾಗದಕ್ಕೆ ಹತ್ತಿಕೊಳ್ಳುತ್ತದೆ. ಪ್ರಿಂಟ್ ಆದ ಪೇಪರ್ ಬೇಡ, ಮಸಿ ಬಟ್ಟೆಗೆ ಬರುತ್ತದೆ.

ಐನ್‌ಮನೆ ದೀಪ (ನಾಪೋಕ್ಲು)

ಬುಟ್ಟಿ ಇದೆ ನಮ್ಮಲ್ಲಿ. ನಾಳೆಯೇ ನೋಡುತ್ತೇನೆ ಅಕ್ಕ.

ಮಂಜಿನ ಊರು (ಮಡಿಕೇರಿ)

ನಾನು ಸಿಎಸ್‌ಐ (ಪ್ರೊಟೆಸ್ಟೆಂಟ್) ಸಭೆಯವನು. ನಮ್ಮಲ್ಲಿ ಬೇರೆ ಕ್ರಮ, ಆದರೆ ಕಷ್ಟ ಬೇರೆ ಅಲ್ಲ. ಸುಗ್ಗಿ ಹಬ್ಬದ ಹರಾಜಿಗೆ ಬಾಳೆಗೊನೆ, ಕುಂಬಳಕಾಯಿ, ಕಾಫಿ ಬೀಜ, ಮೊಟ್ಟೆ ಎಲ್ಲ ಬರುತ್ತದೆ. ಹರಾಜು ಕೂಗುವಾಗ ನೂರು ಜನ. ಮಾರನೇ ದಿನ ಒಡೆದ ಮೊಟ್ಟೆ ಒರೆಸಿ ನೆಲ ತೊಳೆಯಲು ನಾನು, ನನ್ನ ಹೆಂಡತಿ, ಇನ್ನೊಬ್ಬರು. ಮೂವರ ವಯಸ್ಸು ಕೂಡಿಸಿದರೆ 200 ದಾಟುತ್ತದೆ. ಬಕೆಟ್ ಎತ್ತುವಾಗ ಸೊಂಟ ಹಿಡಿದುಕೊಳ್ಳುತ್ತದೆ.

ಮಡಿಕೇರಿ ಕೋಟೆ ಒಳಗೆ ಮ್ಯೂಸಿಯಂ ಇದೆಯಲ್ಲ, ಅದು 1859ರ ಸಂತ ಮಾರ್ಕ್ ಚರ್ಚ್. ಶಾಲಾ ಮಕ್ಕಳು ಸಾಲಾಗಿ ಬಂದು ಕಲ್ಲಿನ ವಿಗ್ರಹ, ಹಳೆಯ ಕತ್ತಿ ಎಲ್ಲ ನೋಡಿ ಹೋಗುತ್ತಾರೆ. ನಾನು ಅಲ್ಲಿ ಹೋದಾಗಲೆಲ್ಲ ಯೋಚಿಸುತ್ತೇನೆ, ಇಲ್ಲಿಯೂ ಯಾರೋ ಒಬ್ಬರು ಶನಿವಾರ ಬೆಂಚು ಒರೆಸುತ್ತಿದ್ದರು, ಯಾರೋ ಗಂಟೆ ಹೊಡೆಯುತ್ತಿದ್ದರು. ಅವರು ಯಾರು, ಏನು ಒಂದೂ ಗೊತ್ತಿಲ್ಲ. ಗೋಡೆ ಮಾತ್ರ ಗಟ್ಟಿಯಾಗಿದೆ. ಅಮ್ಮ, ನೀವು ಕೆಲಸ ಕಲಿಸಬೇಕು ಅಂತ ತವಕ ಪಡುತ್ತಿರುವುದು ಸರಿಯಾಗಿದೆ.

ಅಮ್ಮತ್ತಿ ರಸ್ತೆ

ನಾನು ಇನ್ನೊಂದು ಕಡೆಯ ಮಾತು ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ. ನನಗೆ 34. ಮದುವೆಯಾಗಿ ಈ ಊರಿಗೆ ಬಂದಾಗ ಚರ್ಚ್‌ನಲ್ಲಿ ಏನಾದರೂ ಮಾಡಬೇಕು ಅಂತ ತುಂಬಾ ಆಸೆ ಇತ್ತು. ಒಂದು ಶನಿವಾರ ಹೂ ಜೋಡಿಸಲು ಹೋದೆ. ಎರಡು ಗಂಟೆ ಕೂತು ಜೋಡಿಸಿದೆ. ಒಬ್ಬರು ಹಿರಿಯ ಆಂಟಿ ಬಂದು, "ಇಲ್ಲಿ ಹೀಗೆಲ್ಲ ಇಡಲ್ಲ" ಅಂತ ಹೇಳಿ, ಅಲ್ಲಿದ್ದ ನಾಲ್ಕು ಜನರ ಎದುರಿಗೇ ಎಲ್ಲ ಕಿತ್ತು ಬೇರೆ ಥರ ಇಟ್ಟರು. ಏನು ತಪ್ಪು ಅಂತ ಹೇಳಲಿಲ್ಲ. ಮುಂದಿನ ವಾರ ನಾನು ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಅವರೂ ಕೇಳಲಿಲ್ಲ. ಈಗ ಅದೇ ಆಂಟಿ ಪ್ರತಿ ಸಭೆಯಲ್ಲೂ, "ಈಗಿನ ಹುಡುಗಿಯರು ಯಾರೂ ಬರಲ್ಲ" ಅನ್ನುತ್ತಾರೆ.

ಕಲಿಯಲು ಯಾರೂ ಬರಲಿಲ್ಲ ಅಂತ ನೀವು ಬರೆದಿದ್ದೀರಿ. ಬಂದು ವಾಪಸ್ ಹೋದವರು ಇರಬಹುದು, ಅಲ್ವಾ?

ನಿವೃತ್ತ ಮೇಷ್ಟ್ರು (ವಿರಾಜಪೇಟೆ)

ತಂಗಿ, ನಿಮ್ಮ ಮಾತು ಕಟುವಾಗಿದೆ, ಆದರೆ ಹೇಳಬೇಕಾದ್ದೇ. ಆದರೂ ಬೆಟ್ಟದ ಮಲ್ಲಿಗೆಯವರು ಆ ಆಂಟಿ ಅಲ್ಲ. ಜಗಲಿಯಲ್ಲಿ ಎರಡು ಗಂಟೆ ಕೂತವರಿಗೆ ಈಗಲೇ ಇದನ್ನು ಹೇಳಬೇಕಿತ್ತಾ?

ಅಮ್ಮತ್ತಿ ರಸ್ತೆ

ಅವರನ್ನು ನೋಯಿಸಲು ಹೇಳಿದ್ದಲ್ಲ ಸರ್. ಅವರಿಗೆ ನಿಜವಾಗಿಯೂ ಜೊತೆಗೆ ಒಬ್ಬರು ಬೇಕು ಅಂತ ಬರೆದಿದ್ದಾರೆ. ಅದಕ್ಕೇ ಹೇಳಿದೆ.

ಸಿದ್ದಾಪುರದಿಂದ

ನಮ್ಮ ಸಮಸ್ಯೆ ಆನೆ. ಬೆಳಗ್ಗೆ ಆರು ಗಂಟೆಗೆ ತೋಟದ ದಾರಿಯಲ್ಲಿ ನಡೆದು ಬರುವ ಹಿರಿಯರು ಇದ್ದಾರೆ. ಹೊತ್ತು ಬದಲಾದದ್ದು ಗೊತ್ತಾಗದೆ ಸುಮ್ನೆ ಕತ್ತಲಲ್ಲಿ ಬಂದರೆ ಜೀವಕ್ಕೇ ಅಪಾಯ. ನಾವು ಈಗ ಒಂದು ಜೀಪ್ ಮಾಡಿದ್ದೇವೆ, ತೋಟದ ಕೆಲಸಗಾರರ ಲೈನ್ ಮನೆಗಳ ಹತ್ತಿರವೂ ನಿಲ್ಲುತ್ತದೆ. ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದಿರುವ ಎರಡು ಕುಟುಂಬವೂ ಅದರಲ್ಲೇ ಬರುತ್ತವೆ. ಕನ್ನಡ ಬರುವುದಿಲ್ಲ, ಆದರೆ ಪೂಜೆ ಮುಗಿದ ಮೇಲೆ ಕಸ ಗುಡಿಸಲು ಮೊದಲು ಪೊರಕೆ ಹಿಡಿಯುವವರು ಅವರೇ. ಹೊತ್ತು ಬದಲಾದರೆ ಜೀಪ್ ಡ್ರೈವರ್‌ಗೆ ಹೇಳಿದರೆ ಸಾಕು, ಎಲ್ಲರಿಗೂ ಹೇಳಿದ ಹಾಗೆ.

ಬೆಟ್ಟದ ಮಲ್ಲಿಗೆ

ಎರಡು ದಿನ ಬರೆಯಲಿಲ್ಲ. ಅಮ್ಮತ್ತಿ ರಸ್ತೆ ಅವರ ಮಾತು ಓದಿ ಸುಮ್ಮನಾಗಿಬಿಟ್ಟೆ. ಮೇಷ್ಟ್ರೇ, ನನ್ನ ಪರವಾಗಿ ಹೇಳಿದಿರಿ, ನಿಮಗೆ ಋಣಿ. ಆದರೆ ಆ ತಂಗಿ ಹೇಳಿದ್ದು ನನ್ನ ವಿಷಯದಲ್ಲೂ ನಿಜ.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ತೋಟ ಪೂರ್ತಿ ಬೆಳ್ಳಗೆ ಅರಳಿತ್ತು. ನಮ್ಮ ವಾರ್ಡಿನ ಒಂದು ಹುಡುಗಿ, ಕಾಲೇಜಿಗೆ ಹೋಗುವವಳು, ಮೂರು ಕೊಂಬೆ ಕಾಫಿ ಹೂ ತಂದು ಪೀಠದ ಮುಂದೆ ಇಟ್ಟಿದ್ದಳು. ಒಳಗೆ ಕಾಲಿಟ್ಟರೆ ಇಡೀ ಚರ್ಚ್ ಘಮ್ ಅನ್ನುತ್ತಿತ್ತು. ಅದು ತಪಸ್ಸಿನ ಕಾಲ, ಪಾಸ್ಕ ಹಬ್ಬಕ್ಕೆ (ಈಸ್ಟರ್‌ಗೆ) ಮೊದಲಿನ ಉಪವಾಸ, ಪ್ರಾರ್ಥನೆಯ ವಾರಗಳು. ಆ ಕಾಲದಲ್ಲಿ ಪೀಠಕ್ಕೆ ಹೂ ಇಡುವುದಿಲ್ಲ, ಪಾಸ್ಕ ಹಬ್ಬದವರೆಗೆ ಖಾಲಿ ಇರಬೇಕು. ಅವಳಿಗೆ ಅದು ಗೊತ್ತಿರಲಿಲ್ಲ. ನಾನು ನೋಡಿದ ತಕ್ಷಣ, "ಯಾರು ಇದನ್ನಿಟ್ಟಿದ್ದು? ಇಷ್ಟೂ ಗೊತ್ತಾಗಲ್ವಾ?" ಅಂತ ಜೋರಾಗಿ ಹೇಳಿ ತೆಗೆದು ಹೊರಗೆ ಇಟ್ಟೆ. ಅವಳು ಬೆಂಚಿನ ಕೊನೆಯಲ್ಲಿ ನಿಂತಿದ್ದಳು. ಏನೂ ಹೇಳಲಿಲ್ಲ.

ನಿಯಮ ಸರಿಯೇ ಇತ್ತು. ಆದರೆ ತಪಸ್ಸಿನ ಕಾಲದ ನಾಲ್ಕನೇ ಭಾನುವಾರ ಹೂ ಇಡಬಹುದು. ಫಾದರ್ ಗುಲಾಬಿ ಬಣ್ಣದ ವಸ್ತ್ರ ಹಾಕುವ ಭಾನುವಾರ ಅದು. "ಮಗಳೇ, ಈಗ ಬೇಡ, ನಾಲ್ಕನೇ ಭಾನುವಾರಕ್ಕೆ ಇಬ್ಬರೂ ಸೇರಿ ಇಡೋಣ" ಅಂತ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಕಾಫಿ ಹೂ ಎರಡು ಮೂರು ದಿನಕ್ಕೆ ಬಾಡುತ್ತದೆ, ಅಷ್ಟು ದಿನ ನಿಲ್ಲುತ್ತಿರಲಿಲ್ಲ. ಬೇರೆ ಹೂ ಸಿಗುತ್ತಿತ್ತು. ಅವಳು ಆಮೇಲೆ ಸಕ್ರಿಸ್ತಿ ಕಡೆ ಬರಲೇ ಇಲ್ಲ. ನಾನು "ಯಾರೂ ಬರಲಿಲ್ಲ" ಅಂತ ಬರೆದೆ. ಅದು ಸುಳ್ಳಾಯಿತು. ತಂಗಿ, ನಿಮ್ಮ ಚರ್ಚ್‌ನ ಆ ಆಂಟಿ ಪರವಾಗಿ ನಾನು ಕ್ಷಮೆ ಕೇಳಲು ಆಗುವುದಿಲ್ಲ, ನನ್ನ ತಪ್ಪಿಗೆ ಅವಳ ಹತ್ತಿರ ಕೇಳಬೇಕು.

ಅಮ್ಮತ್ತಿ ರಸ್ತೆ

ಅಮ್ಮಾ, ಓದಿ ಕಣ್ಣು ತುಂಬಿತು. ಅವಳಿಗೆ ಫೋನ್ ಮಾಡಿ. ನನಗೆ ಯಾರಾದರೂ ಹೀಗೆ ಫೋನ್ ಮಾಡಿದ್ದರೆ ಆ ಶನಿವಾರವೇ ಹೋಗುತ್ತಿದ್ದೆ.

ಕುಶಾಲನಗರದ ಹುಡುಗ

ಆಂಟಿ, ಒಂದು ಪ್ರಶ್ನೆ. ಗಂಡು ಹುಡುಗರು ಈ ಬಟ್ಟೆ ಮಡಚುವ ಕೆಲಸ ಕಲಿಯಬಹುದಾ? ನಮ್ಮಲ್ಲಿ ಅದನ್ನು ಸಿಸ್ಟರ್‌ಗಳೇ ಮಾಡುತ್ತಾರೆ. ಕೇಳಲು ಸಂಕೋಚ.

ಬೆಟ್ಟದ ಮಲ್ಲಿಗೆ

ಖಂಡಿತ ಕಲಿಯಬಹುದಪ್ಪ. ಸಿಸ್ಟರ್ ಹತ್ತಿರ ನೇರವಾಗಿ ಕೇಳು, ಖುಷಿ ಪಡುತ್ತಾರೆ. ಕೈ ತೊಳೆದುಕೊಂಡು ಹೋಗು, ಅಷ್ಟೇ.

ನಿವೃತ್ತ ಮೇಷ್ಟ್ರು (ವಿರಾಜಪೇಟೆ)

ನಾನೂ ತಂಗಿಯ ಹತ್ತಿರ ಸ್ವಲ್ಪ ಬಿರುಸಾಗಿ ಮಾತಾಡಿದೆ. ಕ್ಷಮಿಸಬೇಕು.

ಒಂದು ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ಸಂತ ಅನ್ನಮ್ಮನ ಚರ್ಚ್ 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಲ್ಲಿ ಜಾಗ ಕೊಟ್ಟ. ಜುಲೈ 26 ಅನ್ನಮ್ಮನ ಹಬ್ಬ, ಯೇಸುವಿನ ಅಜ್ಜಿ. ಹಿರಿಯರ ದಿನವನ್ನು ಜುಲೈನಲ್ಲಿ ಇಟ್ಟಿರುವುದೂ ಅದಕ್ಕೇ. ಅನ್ನಮ್ಮನ ಚಿತ್ರಗಳನ್ನು ನೋಡಿದ್ದೀರಲ್ಲ, ಎಷ್ಟೋ ಚಿತ್ರಗಳಲ್ಲಿ ಆಕೆ ಮಗಳು ಮರಿಯಳಿಗೆ ಪುಸ್ತಕ ತೋರಿಸಿ ಓದಲು ಕಲಿಸುತ್ತಿರುತ್ತಾಳೆ. ಮಲ್ಲಿಗೆಯವರೇ, ನಿಮ್ಮ ಬರಹ ಓದಿದ ಮೇಲೆ ನನಗೆ ಆ ಚಿತ್ರವೇ ಕಣ್ಣ ಮುಂದೆ ಇದೆ.

ಐನ್‌ಮನೆ ದೀಪ (ನಾಪೋಕ್ಲು)

ಬುಟ್ಟಿ ಉಪಾಯ ಚೆನ್ನಾಗಿದೆ. ಹೊಗೆ ವಾಸನೆ ಇಲ್ಲವೇ ಇಲ್ಲ. ನನ್ನ ತಮ್ಮನ ಮಗಳಿಗೂ ತೋರಿಸಿದೆ, ರಜೆಗೆ ಬಂದಿದ್ದಾಳೆ. ಹಾಗೆಯೇ ಎಣ್ಣೆ ಎಲ್ಲಿಡುತ್ತೇನೆ ಅಂತಲೂ ತೋರಿಸಿದೆ.

ಬೆಟ್ಟದ ಮಲ್ಲಿಗೆ

ಎಲ್ಲರಿಗೂ ವರದಿ ಒಪ್ಪಿಸಬೇಕು.

ಗುರುವಾರ ಆ ಕಾಫಿ ಹೂವಿನ ಹುಡುಗಿಯ ಮನೆಗೇ ಹೋದೆ. ಫೋನ್‌ನಲ್ಲಿ ಹೇಳುವ ಮಾತಲ್ಲ ಅನ್ನಿಸಿತು. ಅವಳ ಅಮ್ಮ ಕಾಫಿ ಕೊಟ್ಟರು. "ಅವತ್ತು ಕಾಫಿ ಹೂ ವಿಷಯದಲ್ಲಿ ನಾನು ಎಲ್ಲರ ಎದುರಿಗೆ ನಿನ್ನನ್ನು ಬೈದೆ, ತಪ್ಪು ಮಾಡಿದೆ" ಅಂದೆ. ಅವಳು ಸ್ವಲ್ಪ ಹೊತ್ತು ಲೋಟ ನೋಡುತ್ತಾ ಕೂತಳು. ಆಮೇಲೆ, "ಆಂಟಿ, ಆ ಹೂ ಹೊರಗೆ ಮೆಟ್ಟಿಲ ಮೇಲೆ ಇಟ್ಟಿದ್ರಲ್ಲ, ನಾನು ಮನೆಗೆ ತಂದು ನೀರಲ್ಲಿ ಇಟ್ಟಿದ್ದೆ" ಅಂದಳು. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ.

ನಿನ್ನೆ ಶನಿವಾರ ನಾಲ್ಕು ಗಂಟೆಗೆ ಬಂದಳು. ಕರೆಂಟ್ ಇರಲಿಲ್ಲ. ಕರಟ ಹಚ್ಚಿ ಇಸ್ತ್ರಿ ಪೆಟ್ಟಿಗೆ ತುಂಬಿಸಿದೆವು. ಅದರ ಭಾರಕ್ಕೆ ಅವಳ ಮಣಿಕಟ್ಟು ನೋಯಿತು, ಎರಡೂ ಕೈಯಲ್ಲಿ ಹಿಡಿದಳು. ಕಾರ್ಪೊರಲ್ ಮೊದಲ ಸಲ ಮಡಚಿದಾಗ ಮೂಲೆ ಕೂಡಲಿಲ್ಲ, ಒಂದು ಕಡೆ ಬೆರಳಷ್ಟು ಹೊರಗೆ ಬಂತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಅವಳೇ ಬಿಚ್ಚಿ ಮತ್ತೆ ಮಡಚಿದಳು. ಮೂರನೇ ಸಲಕ್ಕೆ ಒಂಬತ್ತು ಚೌಕ ಸರಿಯಾಗಿ ಬಂದವು. ಅದ್ದಿದ ನೀರಿನ ಪಾತ್ರೆ ಹಿಡಿದು ಮಳೆಯಲ್ಲೇ ಸಂಪಿಗೆ ಗಿಡಕ್ಕೆ ಹೋದಳು. ಕೊಡೆ ನಾನು ಹಿಡಿದೆ.

ಕೀ ವಿಷಯ ಫಾದರ್‌ಗೆ ಹೇಳಿದೆ. ಎರಡು ಮಾಡಿಸಲು ಕೊಟ್ಟಿದ್ದಾರೆ, ಒಂದು ನನಗೆ, ಒಂದು ಅವಳಿಗೆ. ಮುಂದಿನ ಶನಿವಾರ ಅವಳಿಗೆ ಪರೀಕ್ಷೆ ಇದೆಯಂತೆ, ಅದರ ಮುಂದಿನ ಶನಿವಾರ ಬರುತ್ತಾಳೆ.